ಅಪ್ಪನ ಕೋವಿಯ ಪಟ್ಟಿ

ಕರ್ಕ್‌ಲ್ಯಾಂಡ್
7 ಸೆಪ್ಟೆಂಬರ್ 2014

ಪ್ರಿಯ ನಂಜಪ್ಪ,

ಕೈಲ್ ಮುಹೂರ್ತದ ದಿನ ಆಯುಧಗಳ ಪೂಜೆ ಮುಗಿಸಿ ನೀನು ಅಪ್ಪನ ಕೋವಿಯಿಂದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದ ಫೋಟೊ ನೋಡಿದೆ. ಹೊಟ್ಟೆ ಉರಿಯಿತು. ನಾವಿಬ್ಬರೂ ಅವಳಿಗಳೇ ಆದರೂ ಅಪ್ಪ ಹೋದ ಮೇಲೆ ಕೋವಿ ನಿನಗೇ ಬಂತು. ಪೂಜೆಯ ದಿನ ಅದರ ನಳಿಗೆಗೆ ಹೂ ಸಿಕ್ಕಿಸುವುದಷ್ಟೇ ಯಾವಾಗಲೂ ನನ್ನ ಕೆಲಸವಾಗಿತ್ತು.

ಇಲ್ಲಿ ನಾನೂ ಒಂದು ಕೊಂಡಿದ್ದೇನೆ. ರಷ್ಯಾದ ಸೈನಿಕರು ಬಳಸಿ ಬಿಟ್ಟ ಹಳೆಯ ರೈಫಲ್, ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡದು. ಮೈತುಂಬ ಮೆತ್ತಿದ್ದ ಗ್ರೀಸನ್ನು ಬಿಸಿನೀರಿನಲ್ಲಿ ತೊಳೆದು ತೆಗೆಯಲು ಎರಡು ದಿನ ಹಿಡಿಯಿತು.

ನಿನ್ನೆ ಆಫೀಸಿನ ಗೆಳತಿ ನಿದಾಳ ಜೊತೆ ಶೂಟಿಂಗ್ ರೇಂಜಿಗೆ ಹೋಗಿದ್ದೆ. ಮೊದಲನೇ ಗುಂಡನ್ನು ಬೇಕೆಂದೇ ಗುರಿ ಬಿಟ್ಟು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದೆ. “ಅಯ್ಯೋ, ಗುರಿ ಕಡೆ ನೋಡ್ಲೇ ಇಲ್ವಲ್ಲೇ ನೀನು!” ಅಂದಳು. ಆಮೇಲಿನ ನಾಲ್ಕೂ ನಟ್ಟನಡುವೆ ಬಿದ್ದವು. ಭುಜ ಮಾತ್ರ ಇನ್ನೂ ನೀಲಿಗಟ್ಟಿದೆ.

ಒಂದು ಉಪಕಾರ ಮಾಡು. ಕೋವಿ ನಿನ್ನ ಹತ್ತಿರವೇ ಇರಲಿ, ಅದರ ತೊಗಲಿನ ಪಟ್ಟಿಯನ್ನು ನನಗೆ ಕಳಿಸು. ಹೊಸದು ಕೊಡಿಸುತ್ತೇನೆ ಎನ್ನಬೇಡ.

ಮೊದಲನೇ ಗುಂಡಿನ ಸಂಗತಿಯನ್ನು ನಿದಾಳಿಗೆ ಹೇಳಲಿಲ್ಲ. ನೀನು ಹುಟ್ಟಿದಾಗ ಗಂಡುಮಗುವೆಂದು ಅಪ್ಪ ಅಂಗಳಕ್ಕೆ ಹೋಗಿ ಒಂದು ಗುಂಡು ಹಾರಿಸಿದರಲ್ಲ. ಹತ್ತು ನಿಮಿಷ ಬಿಟ್ಟು ನಾನು ಬಂದಾಗ ಕೋವಿಯನ್ನು ಒರೆಸಿ ಗೋಡೆಗೆ ತೂಗುಹಾಕಿ ಆಗಿತ್ತಂತೆ.

ನನ್ನ ಪಾಲಿನ ಆ ಗುಂಡನ್ನು ನಿನ್ನೆ ನಾನೇ ಹಾರಿಸಿದೆ.

ನಿನ್ನ ಹತ್ತು ನಿಮಿಷದ ತಂಗಿ,
ದೇಚಮ್ಮ