ಬಾರದ ವಾಸನೆ

ಚಿರಂಜೀವಿ ದಿವ್ಯಾ,

ಈ ಕತೆಯನ್ನು ಮೊದಲು ಹೇಳಿದವಳು ನೀನೇ, ಹೋದ ಭಾನುವಾರ ಸಂಜೆ, ಗುಮ್ಮಳಾಪುರದ ನಮ್ಮ ಜಗಲಿಯ ಮೇಲೆ. ಕೇಳಿದವರು ನಾನು, ನಿಮ್ಮಮ್ಮ, ನಿಮ್ಮಣ್ಣ ಹರಿಕೃಷ್ಣ, ಪಕ್ಕದ ಮನೆಯ ಗೋವಿಂದಮ್ಮ. ಕತೆಗಳಲ್ಲಿ ಹಗ್ಗವನ್ನು ಹಾವು ಮಾಡಿ ಊರನ್ನೇ ಹೆದರಿಸುವ ನಿನ್ನ ಈ ಮಾವ, ಅವತ್ತು ನಾನೇ ಹೆದರಿದ್ದೆ. ನೀನು ಗಮನಿಸಲಿಲ್ಲ.

ಚೆನ್ನಾಗಿಯೇ ಹೇಳಿದೆ. ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಹೈಡ್ರೊಜನ್ ಸಯನೈಡ್ ಎಂಬ ಅನಿಲವಿದೆ, ಅದರ ಒಂದು ಅಣುವಿನಲ್ಲಿ ಇರುವುದು ಬರೀ ಮೂರು ಪರಮಾಣು, ಅದು ತಿರುಗುವಾಗ ತನ್ನದೇ ಗುರುತಿನ ರೇಡಿಯೋ ಅಲೆ ಬಿಡುತ್ತದೆ ಎಂದೆಲ್ಲ. "ಆಕಾಶದಾಗೆ ಸಿಕ್ಕಿದ್ದು ಅದೇನಾ ಅಂತ ಹೇಳ್ಬೇಕಂದ್ರೆ ಮೊದ್ಲು ನೆಲದ ಮೇಲೆ ಅಳೀಬೇಕಲ್ಲ ಮಾವ." ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಅನಿಲ ತುಂಬಿ, ಅದು ಯಾವ ಅಲೆಯನ್ನು ನುಂಗುತ್ತದೆಂದು ನೋಡುವುದು ನಿನ್ನ ಕೆಲಸ. "ಮೋಡಕ್ಕೆ ಜಾತಕ ಬರೀತೀಯಾ ಅನ್ನು" ಎಂದು ಗೋವಿಂದಮ್ಮ ನಗಿಸಿದಳು.

ಆಮೇಲೆ ಆ ಅನಿಲ ವಿಷವೆಂಬ ಮಾತು ಬಂತು. ಅನಿಲ ಸೋರಿದರೆ ಕೂಗುವ ಅಲಾರಂ ರಿಪೇರಿಗೆ ಹೋಗಿದೆ, ಅದು ಬರುವವರೆಗೆ, ಆ ಅನಿಲದ ಕಹಿ ಬಾದಾಮಿ ವಾಸನೆ ಹಿಡಿಯುವ ಜೊತೆಗಾರ ವೇಣುವಿನ ಮೂಗೇ ಅಲಾರಂ. ಒಂದು ದಿನ ಟೀ ಕುಡಿದು ಬಂದ ವೇಣು ಬಾಗಿಲಲ್ಲೇ ಕಿರುಚಿದನಂತೆ: "ಲೇ ದಿವ್ಯ, ಎದ್ದು ಬಾ ಆಚೆಗೆ! ಕಹಿ ಬಾದಾಮಿ ವಾಸ್ನೆ!" ನೀನು ಸೋರಿದ ಅನಿಲದ ಮಧ್ಯೆಯೇ ಕೂತು ಅಂಕಿ ನೋಡುತ್ತಿದ್ದೆ. ತಲೆ ಸುತ್ತಿದ್ದು ಊಟ ಬಿಟ್ಟಿದ್ದಕ್ಕೆ ಅಂದುಕೊಂಡಿದ್ದೆ. ವೇಣು ಓಡಿದ ಚಂದವನ್ನು ಎದ್ದು ನಿಂತು ಆಡಿ ತೋರಿಸಿದೆ. "ನಂಗೆ ನೆಗಡಿ ಆಗಿತ್ತು, ಅದ್ಕೇ ಗೊತ್ತಾಗಿಲ್ಲ. ಈಗ ವಾಸಿ ಆಗದೆ. ಶುಕ್ರವಾರ ವೇಣು ಊರಿಗೆ ಹೋಗ್ತಾನೆ, ನನ್ ಮೂಗೇ ಸಾಕು. ಟೆಲಿಸ್ಕೋಪಿನೋರು ಅಂಕಿಗೆ ಕಾಯ್ತಾವ್ರೆ."

ಕೆಲವರಿಗೆ ಹುಟ್ಟಿನಿಂದಲೇ ಆ ವಾಸನೆ ತಿಳಿಯುವುದಿಲ್ಲ, ಒಂದೊಂದು ಮನೆತನಕ್ಕೇ ಹಾಗಿರಬಹುದು ಎಂದೂ ನೀನೇ ಹೇಳಿದೆ. ನಾವು ಬೆಳೆಯುವ ಮರಗೆಣಸಿನ ಹಸಿ ಸಿಪ್ಪೆಯಲ್ಲೂ ಅದೇ ವಿಷವಿದೆ ಎಂದೆ. ಮಾತಿನ ಭರದಲ್ಲಿ ಇಷ್ಟು ಹೇಳಿ, ಜೂಜುವಾಡಿ ಗಡಿ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟುವ ಮೊದಲು ದಾಟಬೇಕೆಂದು ಮರುದಿನ ನಸುಕಿಗೇ ಮೊದಲ ಬಸ್ಸು ಹತ್ತಿದೆ.

ನಾನು ದೆವ್ವಗಳನ್ನು ಕಂಡವನಲ್ಲ, ಕತೆಗಳಲ್ಲಿ ಕಟ್ಟಿದವನು. ನಾನು ಕಟ್ಟುವ ದೆವ್ವಕ್ಕೆ ಗೆಜ್ಜೆಯಿರುತ್ತದೆ. ಕೇಳುವ ಮಕ್ಕಳಿಗೆ ಓಡಲು ಸಮಯ ಸಿಗಲೆಂದು ನಾನೇ ತೊಡಿಸುವುದು. ಇದಕ್ಕೆ ಸದ್ದಿಲ್ಲ, ಬಣ್ಣವಿಲ್ಲ, ಇರುವ ಒಂದೇ ಗುರುತು ವಾಸನೆ. ಅದೂ ನಿನಗೆ ಬರದಿದ್ದರೆ? ಈಚೆಗೆ ನೀನು ಫೋನು ಎತ್ತುವುದು ಒಂದು ಗಳಿಗೆ ತಡವಾದರೂ ಮತ್ತೆ ಮತ್ತೆ ಮಾಡುತ್ತೇನೆ. ನಿನ್ನೆ ಎತ್ತಿದೆ, ಆದರೆ ನಾನು ಮಾತು ಮುಗಿಸುವ ಮೊದಲೇ "ಆಯ್ತು ಮಾವ, ಆಯ್ತು" ಎಂದು ನಕ್ಕು ಇಟ್ಟೆ. ಅದಕ್ಕೇ ಬರೆದು ಹರಿಕೃಷ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಅವನು ಎದುರಿಗೇ ನಿಂತಿರುತ್ತಾನೆ.

ಅಲಾರಂ ಬಂದು ಗೋಡೆಯ ಮೇಲೆ ಕೂರುವವರೆಗೆ ಆ ಕೊಳವೆಯನ್ನು ಮುಟ್ಟಬೇಡ. ಆಕಾಶದ ಮೋಡ ಎಲ್ಲಿಗೂ ಓಡುವುದಿಲ್ಲ, ತಾಯಿ. ನಿನಗೆ ಆಗಿದ್ದು ನೆಗಡಿಯಲ್ಲ. ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ, ಕೇಳು.

ನೀನು ಹೋದ ಮೇಲೆ, ಸೋಮವಾರ ಬೆಳಿಗ್ಗೆ, ನಿನ್ನ ಕತೆ ಕೇಳಿದವರೆಲ್ಲ ಹಿತ್ತಿಲಲ್ಲಿ ಸೇರಿದೆವು. ಹರಿಕೃಷ್ಣ ಮರಗೆಣಸು ಕಿತ್ತು ತಂದು ಸಿಪ್ಪೆ ಜಜ್ಜಿದ. ಗೋವಿಂದಮ್ಮ ಬಗ್ಗಿದವಳೇ ಮುಖ ತಿರುಗಿಸಿದಳು: "ಅಯ್ಯಪ್ಪಾ, ಏನ್ ಕಹಿ ವಾಸ್ನೆ!" ನನಗೆ ಮಣ್ಣಿನ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಹರಿಕೃಷ್ಣನಿಗೂ ಇಲ್ಲ. "ಏನ್ಲಾ, ನಿಮ್ಮನೇರೆಲ್ಲ ಮೂಗ ಶೋಕಿಗೆ ಮಡೀಕಂಡಿದ್ದೀರಾ?" ಎಂದು ಅವಳು ಆಡಿಕೊಂಡಳು. ಆಗ ನಿಮ್ಮಮ್ಮ, ನನ್ನ ಅಕ್ಕ ಆದಿಲಕ್ಷ್ಮಮ್ಮ, ಸಿಪ್ಪೆಯನ್ನು ಕೈಗೆ ತೆಗೆದುಕೊಂಡಳು. ಮೂಸಿದಳು. ಕಲ್ಲಿನ ಮೇಲೆ ಇನ್ನೊಮ್ಮೆ ಜಜ್ಜಿ ಮೂಸಿದಳು. ಗೋವಿಂದಮ್ಮನ ನಗು ನಿಂತಿತು. ಸಾಕು ಬಿಡಕ್ಕ ಎಂದು ನಾನು ಕೈ ಹಿಡಿದೆ. "ವಾಸ್ನೆ ಬತ್ತದೆ, ಇರ್ಲಾ, ಈಗ ಬತ್ತದೆ" ಎನ್ನುತ್ತ ಅಕ್ಕ ಕೈ ಬಿಡಿಸಿಕೊಂಡು, ಒಂದಾದ ಮೇಲೊಂದು ಗೆಣಸು ಸುಲಿದು ಜಜ್ಜುತ್ತಲೇ ಇದ್ದಳು.

ನಮ್ಮ ಮನೆದೇವರು ನಿನ್ನ ಉಸಿರನ್ನು ಕಾಯಲಿ.

ನಿನ್ನ ಸೋದರಮಾವ,
ನರಸಿಂಹಪ್ಪ