ಗೋಡೆಗೆ ಸೇರದ ಕಪಾಟು

ಹದಿನಾಲ್ಕನೇ ತಾರೀಕು, ಗುರುವಾರ, ಬೆಳಿಗ್ಗೆ

ಮುದ್ದಿನ ಮಗಳೇ,

ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ಅಮ್ಮನ ನೂರು ಹಾರೈಕೆಗಳು. ನಿಮ್ಮ ಮನೆಯಿಂದ ಬಂದು ಹನ್ನೊಂದು ದಿನವಾಯಿತು. ತಲುಪಿದ ಕೂಡಲೇ ಬರೆಯುತ್ತೇನೆ ಎಂದವಳು ಈಗ ಬರೆಯುತ್ತಿದ್ದೇನೆ, ಬೈಯಬೇಡ. ನಿಮ್ಮಪ್ಪನ ಕಣ್ಣಿನ ಪೊರೆ ತೆಗೆಸಿ, ಹೊತ್ತುಹೊತ್ತಿಗೆ ಹನಿ ಹಾಕುವುದರಲ್ಲೇ ದಿನ ಹೋಯಿತು ಎಂದು ನೆಪ ಹೇಳಬಹುದಿತ್ತು. ನಿಜ ಅದಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಕೈಯಲ್ಲಿ ಫೋನಿಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನೀನು ನಗುತ್ತೀಯ. ನಗು, ಆದರೆ ಕೊನೆಯವರೆಗೂ ಓದು. ಇದನ್ನು ತರುತ್ತಿರುವುದು ನಿಮ್ಮಪ್ಪನೇ. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಡ, ಮೊದಲು ಹಾಲ್‌ಗೆ ಬಿಡು.

ನಿಮ್ಮಲ್ಲಿ ಮೊದಲ ಎರಡು ದಿನ ನಾನು ಪಟ್ಟ ಸಂತೋಷ ಹೇಳತೀರದು. ಕಾಲಿಟ್ಟಲ್ಲೆಲ್ಲ ಆಟದ ಸಾಮಾನು; ಸೋಫಾದ ಕೆಳಗೆ ಗೊಂಬೆಯ ಕೈ, ಟಿವಿಯ ಹಿಂದೆ ಅದರ ಕಾಲು. ಇಪ್ಪತ್ತೆಂಟು ವರ್ಷ ಶಿಶುವಿಹಾರದಲ್ಲಿ ದುಡಿದವಳಿಗೆ ಇದಕ್ಕಿಂತ ಇನ್ನೇನು ಬೇಕು? ಮರದ ತುಂಡುಗಳಿಗೆ ಒಂದು ಬುಟ್ಟಿ, ರೈಲಿನ ಹಳಿಗಳಿಗೆ ಒಂದು, ಪ್ರಾಣಿಗಳಿಗೆ ಒಂದು. ಒಳಗೆ ಏನಿದೆಯೋ ಅದರ ಚಿತ್ರ ಬಿಡಿಸಿ ಹೊರಗೆ ಅಂಟಿಸಿದೆ, ಓದು ಬಾರದ ಮಗುವೂ ನೋಡಿಕೊಂಡು ತಾನೇ ತಂದಿಡಲಿ ಎಂದು. ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದಡಿ ತಳ್ಳಿದೆ. ಎರಡು ವಾರಕ್ಕೊಮ್ಮೆ ಅದಲು ಬದಲು ಮಾಡಿದರೆ ಹಳೆಯದೇ ಹೊಸದು. ನಿನ್ನ ಮಗಳಿಗೆ ಅಳಿಯಂದಿರು ಇನ್‌ಸ್ಪೆಕ್ಟರ್ ಎಂದು ಸುಮ್ಮನೆ ಹೆಸರಿಟ್ಟಿಲ್ಲ. ನಾಲ್ಕು ತುಂಬದ ಹುಡುಗಿ, ಬುಟ್ಟಿಗಳನ್ನೆಲ್ಲ ತಪಾಸಣೆ ಮಾಡಿ, "ಅಜ್ಜೀ, ಈ ಆನೆಗೆ ಬಾಲ ಎಲ್ಲಿ?" ಅಂದಳು. ಬಾಲ ಬರೆದ ಮೇಲೇ ನನ್ನನ್ನು ಪಾಸು ಮಾಡಿದ್ದು.

ಮೂರನೇ ದಿನ ನಿನ್ನ ಹೊಸ ಕಪಾಟು ಬಂತು. ನನಗಿಂತ ಒಂದು ಗೇಣು ಎತ್ತರ, ಕೆಳಗೆ ಮೂರು ಡ್ರಾಯರ್, ಮೇಲೆ ನಾಲ್ಕು ಅಂತಸ್ತು. "ಅಮ್ಮಾ, ಈಗ ನೋಡು ಹಾಲ್ ಎಷ್ಟು ನೀಟಾಗಿದೆ" ಎಂದು ನೀನು ಹಿಗ್ಗಿದಾಗ ನಾನೂ ತಲೆಯಾಡಿಸಿದೆ. ನಿನ್ನ ಮಗ ಗುಂಡುಮಣಿ ಅಂಬೆಗಾಲಿಟ್ಟು ಬಂದು ಎಳೆಯುತ್ತಾನೆಂದು ನೀನು ಭಾರದ್ದನ್ನೆಲ್ಲ ಮೇಲಿಟ್ಟೆ, ಹಗುರದ್ದನ್ನು ಕೆಳಗಿಟ್ಟೆ. ನಾನು ಕೈಯಿಟ್ಟು ನೋಡಿದೆ. ಕಪಾಟು ಅಲುಗಿ ಕಟಕ್ ಎಂದಿತು.

"ಇದನ್ನ ಗೋಡೆಗೆ ಬಿಗಿಸಬೇಕು" ಅಂದೆ.

"ಅತ್ತೆ, ಬಾಡಿಗೆ ಮನೆ. ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ" ಅಂದರು ಅಳಿಯಂದಿರು, ಪಾಪ, ಮೆತ್ತಗೆ. ಕಪಾಟಿನ ಕಾಲಿನಡಿ ರಟ್ಟು ಮಡಚಿ ಇಟ್ಟರು. ನೀನು, "ಅಣ್ಣ ಜ್ವರದಲ್ಲಿ ಹೋದಾಗಿನಿಂದ ಅಮ್ಮನಿಗೆ ಹುಲ್ಲುಕಡ್ಡೀನೂ ಹಾವೇ ಕಣ್ರೀ" ಎಂದು ನಕ್ಕೆ. ನಾನೂ ನಕ್ಕೆ.

ನಾನು ಹೊರಡುವ ಹಿಂದಿನ ದಿನ ಇನ್‌ಸ್ಪೆಕ್ಟರ್ ತನ್ನ ಮರದ ಲಾರಿಯಿಂದ ತಮ್ಮನ ತಲೆಗೆ ಕುಟ್ಟಿದಳಲ್ಲ, ನೀನು ಲಾರಿ ಕಿತ್ತುಕೊಂಡು ಕಪಾಟಿನ ತುತ್ತತುದಿಗೆ ಇಟ್ಟು, "ಇನ್ಮೇಲೆ ಇದು ಜೈಲಲ್ಲಿ. ಜಾಣೆ ಆದಾಗ ಬಿಡುಗಡೆ" ಅಂದೆ. ಆ ಮಾತು ನಿನ್ನದಲ್ಲ, ನನ್ನದು. ಆಟದ ಸಾಮಾನನ್ನು ಮೇಲಿಟ್ಟು ಜೈಲು ಎನ್ನುವುದನ್ನು ನಿನ್ನ ಅಜ್ಜಿಯಿಂದ ನಾನು ಕಲಿತೆ. ನೀನು ಯಾರಿಂದ ಕಲಿತೆಯೋ ಗೊತ್ತಿಲ್ಲ. ನಿನ್ನ ಒಂದೇ ಒಂದು ಗೊಂಬೆಯನ್ನೂ ನಾನು ಮೇಲಿಟ್ಟವಳಲ್ಲ.

ನೀನೂ ಅಳಿಯಂದಿರೂ ಅಡುಗೆಮನೆಗೆ ಹೋದಿರಿ. ಹುಡುಗಿ ಅಳಲಿಲ್ಲ. ಕತ್ತೆತ್ತಿ ಲಾರಿಯನ್ನು ನೋಡಿದಳು. ಆಮೇಲೆ ಕೆಳಗಿನ ಡ್ರಾಯರನ್ನು ಒಂದು ಮೊಳ ಎಳೆದಳು, ಅದರ ಮೇಲಿನದನ್ನು ಅರ್ಧ ಮೊಳ, ಅದಕ್ಕೂ ಮೇಲಿನದನ್ನು ಇನ್ನೂ ಸ್ವಲ್ಪ ಕಡಿಮೆ. ಮೂರು ಮೆಟ್ಟಿಲು. ಒಂದು ಕಾಲು ಎತ್ತಿದಳು. ನಾನಿದ್ದೇನೆಂದು ಗೊತ್ತಾಗಿ ಕಾಲು ಇಳಿಸಿ ನನ್ನನ್ನು ನೋಡಿ ನಕ್ಕಳು. ನಾನು ಎದ್ದು ಮೂರೂ ಡ್ರಾಯರ್ ಮುಚ್ಚಿದೆ.

ಅಂದು ಸಂಜೆಯವರೆಗೂ ನಾನು ಕಪಾಟಿಗೆ ಬೆನ್ನು ಕೊಟ್ಟು ನೆಲದಲ್ಲೇ ಕೂತಿದ್ದೆ. "ಇದೇನಮ್ಮಾ, ಖಜಾನೆ ಕಾಯೋ ಹಾಗೆ ಕೂತಿದ್ದೀಯ?" ಎಂದು ನೀನು ಕೇಳಿದೆ. ಬೆನ್ನುನೋವು ಎಂದೆ. ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮಾರನೇ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ನಿನ್ನೆ ಫೋನಿನಲ್ಲಿ ನೀನು ಏನೆಂದೆ ನೆನಪಿದೆಯಾ? "ಅವಳೀಗ ಲಾರಿ ಕೇಳೋದೇ ಇಲ್ಲಮ್ಮ, ಎಷ್ಟು ಜಾಣೆ ಆಗಿದ್ದಾಳೆ ಗೊತ್ತಾ? ಒಬ್ಬಳೇ ಡ್ರಾಯರ್ ಎಳೆಯೋದು, ಮುಚ್ಚೋದು, ಅದೇ ಆಟ." ಆ ಆಟ ಬಿಡಿಸು, ಲಾರಿಯನ್ನು ಕೆಳಗಿಡು ಎಂದೆ ನಾನು. "ಸರಿ ಸರಿ, ನೋಡೋಣ" ಅಂದೆ ನೀನು. ನಿನ್ನ ನೋಡೋಣ ನನಗೆ ಗೊತ್ತಿಲ್ಲವೇ? ಅದು ನನ್ನ ಹೊಟ್ಟೆಯಿಂದಲೇ ಬಂದದ್ದು.

ಫೋನಿಟ್ಟು ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಚಿ, ಅಟ್ಟದಿಂದ ತಗಡಿನ ಡಬ್ಬ ಇಳಿಸಿ ಗೋಡೆ ಕೊರೆಯುವ ಬೈರಿಗೆ ಹುಡುಕಿದರು. ಬಗ್ಗಬೇಡಿ, ಧೂಳಿನ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಮಾತು ಕೇಳುವ ಸ್ಥಿತಿಯಲ್ಲಿ ಅವರಿಲ್ಲ. ಓನರ್ ಜಗಳಕ್ಕೆ ಬಂದರೆ ನನ್ನ ನಂಬರು ಕೊಡು.

ನಮ್ಮ ಮನೆಯನ್ನು ನೀನು ಕುಳ್ಳರ ಮನೆ ಎಂದು ಆಡಿಕೊಳ್ಳುತ್ತಿದ್ದೆಯಲ್ಲ. ನಿಮ್ಮಪ್ಪ ಊರಿಗೆಲ್ಲ ಗೊತ್ತಿರುವ ಬಡಗಿ, ಸ್ವಂತ ಮನೆಯಲ್ಲಿ ಸೊಂಟಕ್ಕಿಂತ ಎತ್ತರದ ಒಂದು ಕಪಾಟಿಲ್ಲ, ಬಟ್ಟೆಯೂ ಟ್ರಂಕಿನಲ್ಲಿ. "ಅಪ್ಪನ ಕಪಾಟುಗಳಿಗೆ ಬೆಳವಣಿಗೆ ನಿಂತುಹೋಗಿದೆ" ಎನ್ನುತ್ತಿದ್ದೆ. ನಾವು ಒಂದು ದಿನವೂ ಉತ್ತರ ಕೊಡಲಿಲ್ಲ.

ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ಮಕ್ಕಳು ನೂರ್ಕಾಲ ಬಾಳಲಿ. ಇನ್‌ಸ್ಪೆಕ್ಟರಿಗೆ ಅಜ್ಜಿಯ ಸಲಾಮು, ಗುಂಡುಮಣಿಯ ಎರಡು ಕೆನ್ನೆಗೂ ಮುತ್ತು.

ಇಂತಿ ನಿನ್ನ,
ಅಮ್ಮ

ತಾ.ಕ.: ನಿನ್ನ ಅಣ್ಣ ಜ್ವರದಲ್ಲಿ ಹೋಗಲಿಲ್ಲ.

ಆಗ ಅವನಿಗೆ ನಾಲ್ಕು ವರ್ಷ, ನಿನಗೆ ಎಂಟು ತಿಂಗಳು. ಮರದ ಆನೆಯಿಂದ ನಿನ್ನ ಹಣೆಗೆ ಹೊಡೆದ. ನಾನು ಆನೆಯನ್ನು ನಿಮ್ಮಪ್ಪ ಹೊಸದಾಗಿ ಮಾಡಿದ್ದ ಕಪಾಟಿನ ಮೇಲಿಟ್ಟು, ಜೈಲು ಎಂದೆ. ಆ ಕಪಾಟನ್ನು ಗೋಡೆಗೆ ಬಿಗಿಸಲು ಎರಡು ಕಬ್ಬಿಣದ ಪಟ್ಟಿ ತಂದು ಬೈರಿಗೆ ಹಿಡಿದು ನಿಂತಿದ್ದ ನಿಮ್ಮಪ್ಪನನ್ನು ತಡೆದವಳೂ ನಾನೇ. ಮಗು ಮಲಗುವ ಹೊತ್ತು, ಸದ್ದು ಬೇಡ, ಧೂಳು ಬೇಡ, ಭಾನುವಾರ ನೋಡೋಣ ಎಂದೆ. ಅವರು ಕೆಲಸಕ್ಕೆ ಹೋದರು. ನಾನು ನಿನ್ನನ್ನು ಮಲಗಿಸಲು ಒಳಗೆ ಹೋದೆ. ಮೂರು ಡ್ರಾಯರ್ ಒಂದಾದ ಮೇಲೊಂದು ಎಳೆದ ಸದ್ದು ನನಗೆ ಕೇಳಿಸಿತು. ಆಡುತ್ತಿದ್ದಾನೆ, ಸದ್ಯ ಅಳುತ್ತಿಲ್ಲವಲ್ಲ ಎಂದುಕೊಂಡೆ. ಆಮೇಲೆ ಕೇಳಿಸಿದ್ದು ಕಪಾಟು ಬಿದ್ದ ಸದ್ದು.

ನಿನ್ನ ದೆಸೆಯಿಂದ ಹೀಗಾಯಿತೆಂದು ನಿನಗೆ ಯಾವತ್ತೂ ಅನಿಸಬಾರದೆಂದು ಜ್ವರ ಎಂದೆವು. ನಿನ್ನ ತಪ್ಪು ಸಾಸಿವೆಯಷ್ಟೂ ಇಲ್ಲ. ಅದೇ ಎರಡು ಪಟ್ಟಿ ಈಗ ನಿಮ್ಮಪ್ಪನ ಜೇಬಿನಲ್ಲಿವೆ. ಮೂವತ್ತೆರಡು ವರ್ಷದಲ್ಲಿ ಒಂದು ಸ್ಕ್ರೂ ಕೂಡ ಕಂಡಿಲ್ಲ.

ಅವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಈಗಷ್ಟೇ ನಿನಗೆ ಎರಡು ಸಲ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. "ಈ ಹೊತ್ತಲ್ಲಿ ಅವಳು ಮಗೂನ ಒಳಗೆ ಮಲಗಿಸ್ತಿರ್ತಾಳೆ ಕಣೆ, ಅದಕ್ಕೇ ಎತ್ತಿಲ್ಲ" ಎನ್ನುತ್ತಿದ್ದಾರೆ.

ಹಾಗಾದರೆ ಹಾಲ್‌ನಲ್ಲಿ ಇನ್‌ಸ್ಪೆಕ್ಟರ್ ಒಬ್ಬಳೇ ಇದ್ದಾಳೆ.