ಗಡ್ಡ ಬಂದ ಉಪ್ಪಿನಕಾಯಿ

ಅತ್ತಿಗೆಗೆ ನಮಸ್ಕಾರ.

ಸಮಸ್ತ ಬಂಧುಬಳಗಕ್ಕೆ ತಿಳಿಯಪಡಿಸುವುದೇನೆಂದರೆ, ನಿಮ್ಮ ಮೈದುನ ಸ್ವಹಸ್ತದಿಂದ ಹುಳಿಸೊಪ್ಪಿನ ಉಪ್ಪಿನಕಾಯಿ ಹಾಕಿದ್ದಾನೆ! ಅದಕ್ಕೀಗ ಬಿಳಿ ಗಡ್ಡವೂ ಬಂದಿದೆ.

ನೀವು ಕೊಟ್ಟು ಕಳಿಸಿದ ಉಪ್ಪಿನಕಾಯಿ ಭರಣಿ ತೋರಿಸಿ, ‘ನಾನೇ ಹಾಕಿದ್ದು’ ಎಂದು ಇಲ್ಲಿ ಬಾಡಿಗೆಗಿರುವ ಮನೆಯಲ್ಲಿ ಕೊಚ್ಚಿಕೊಂಡಿದ್ದೆ. ಮನೆಯೊಡತಿ ನಂಬಿ, “ನಮಗೂ ಕಲಿಸಪ್ಪ” ಎಂದರು. ಮಾದರಿಗೆಂದು ಸೊಪ್ಪು ತೊಳೆದವನೇ ಒದ್ದೆಯಲ್ಲೇ ಉಪ್ಪು, ಖಾರ, ಸಾಸಿವೆಪುಡಿ ಕಲಸಿ ಇನ್ನೊಂದು ಭರಣಿಗೆ ತುರುಕಿದೆ. ನೀವು ಒಂದೊಂದೇ ಎಲೆ ಒರೆಸಿ ಆರಹಾಕುವಾಗ, “ಏನತ್ತಿಗೆ, ಎಲೆಗೂ ಬಾಣಂತನವೇ?” ಎಂದು ನಕ್ಕವನಲ್ಲವೇ ನಾನು!

ನಿನ್ನೆ ಕಲಿಯಲೆಂದು ಅಕ್ಕಪಕ್ಕದ ನಾಲ್ವರು ಹೆಂಗಸರು ಖಾಲಿ ಬಾಟಲಿ ತೊಳೆದು ತಂದು ಸಾಲಾಗಿ ಕೂತರು. ನನ್ನ ಭರಣಿಯ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು! ಯಾರೂ ನಗಲಿಲ್ಲ, ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಯೊಡತಿ ಮೆಲ್ಲಗೆ ಮುಚ್ಚಿ, “ಆ ಮೊದಲನೇದು ಯಾರು ಹಾಕಿದ್ದು, ಹೇಳಿಬಿಡಪ್ಪ” ಎಂದರು. ನೆಲ ನೋಡುತ್ತಾ ನಿಮ್ಮ ಹೆಸರು ಹೇಳಿದೆ.

ಆರೋಗ್ಯ ಚೆನ್ನಾಗಿದೆ, ನಾನದನ್ನು ತಿನ್ನಲಿಲ್ಲ. ಕಾರ್ಡು ಮುಗಿಯಿತು. ಸೊಪ್ಪು ಎಷ್ಟು ಹೊತ್ತು ಆರಬೇಕು, ಆಮೇಲೇನು ಮಾಡಬೇಕು, ಎಲ್ಲ ಬಿಡಿಸಿ ಬರೆಯಿರಿ. ಕಾಗದ ಮಾತ್ರ ನನ್ನ ಹೆಸರಿಗೆ ಬೇಡ. ಮನೆಯೊಡತಿಯ ಹೆಸರಿಗೇ ಹಾಕಿ.